ಗುಂಡನ ಗಂಟು

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೇಪರಿನಲ್ಲಿ ಮುಳುಗಿದ್ದೆ. "ರೀ, ಬೇಗ ಬನ್ನಿ, ಗುಂಡನಿಗೆ ಗಂಟು ಬಂದಿದೆ" ಎಂದು ಹಜಾರದಿಂದ ನನ್ನಾಕೆ ಕೂಗಿದಳು. ಗಂಟು ಎಂದ ಕೂಡಲೇ ಕಿವಿ ನೆಟ್ಟಗಾಯಿತು. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಗುಮಾಸ್ತನಿಗೆ ಗಂಟು ಎಂದರೆ ಇಡುಗಂಟು, ಬೇರೆ ಅರ್ಥ ಹೊಳೆಯುವುದಿಲ್ಲ. ನಮ್ಮ ಭಾಷೆಯಲ್ಲಿ ಗಂಟಿಗೇನು ಬರವೇ? ಮದುವೆಗೆ ಬ್ರಹ್ಮಗಂಟು, ಮದುವೆಯಾದ ಮೇಲೆ ಮುಖಕ್ಕೆ ಗಂಟು, ಊರು ಬಿಡುವಾಗ ಗಂಟುಮೂಟೆ, ಮಾವನ ಮನೆಯಿಂದ ಬರುತ್ತದೆಂದು ಕಾದು ಬಾರದೇ ಹೋದದ್ದೂ ಒಂದು ಗಂಟು. ಗುಂಡನಿಗೆ ಬಂದದ್ದು ಇದಾವುದೂ ಅಲ್ಲ. ಬಾಲದ ಬುಡದಲ್ಲಿ, ಎಡಮಗ್ಗುಲಿಗೆ, ಮೆಂತ್ಯದ ಕಾಳಿನಷ್ಟು ಉಬ್ಬು.

ಗುಂಡ ನಮ್ಮನೆ ಮೀನು. ಒರಾಂಡಾ ಜಾತಿಯ ಗೋಲ್ಡ್ ಫಿಶ್. ಮೂರು ವರ್ಷದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ತಂದದ್ದು. ಅಂಗಡಿಯಲ್ಲಿ ಎರಡು ತೊಟ್ಟಿ ಇದ್ದವು. ಒಂದರಲ್ಲಿ ನುಣುಪು ತಲೆಯ ಮೀನುಗಳು, ಜೋಡಿಗೆ 80 ರೂಪಾಯಿ. ಇನ್ನೊಂದರಲ್ಲಿ ತಲೆಯ ಮೇಲೆ ಬಿಸಿ ಪಕೋಡ ಅಂಟಿಸಿದಂಥ ಕೆಂಪು ಗಡ್ಡೆಯವು, ಒಂದಕ್ಕೇ 450. "ಏನಪ್ಪಾ ವ್ಯತ್ಯಾಸ?" ಎಂದೆ. "ಗಡ್ಡೆ ಇದೆಯಲ್ಲ ಸಾರ್, ಅದಕ್ಕೇ ರೇಟು" ಎಂದ. ನಾನು ಲೆಕ್ಕಪತ್ರ ವಿಭಾಗದವನು, ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದೆ. ಮೀನಿಗೆ 40, ಗಡ್ಡೆಗೆ 410.

ಆ ಗಡ್ಡೆಗೆ ಮೀನು ಸಾಕುವವರು ವೆನ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೊದಲಿನಿಂದಲೂ ಚರ್ಮದ ಗಂಟು ಎಂದೇ ಅರ್ಥ. ಹಾಗಾಗಿ ಮೋಸವೇನಿಲ್ಲ, ಹೇಳಿಯೇ ಮಾರಿದ್ದಾರೆ. ಸಾವಿರ ವರ್ಷದ ಹಿಂದೆ ಸಾಂಗ್ ದೊರೆಗಳ ಕಾಲದ ಚೀನಾದಲ್ಲಿ ಕೊಳದ ಮಾಸಲು ಮೀನಿನಲ್ಲಿ ಅಲ್ಲೊಂದು ಇಲ್ಲೊಂದು ಹೊಂಬಣ್ಣದ್ದು ಹುಟ್ಟಿದ್ದನ್ನು ಆರಿಸಿ ಸಾಕಿದರು. ಅದರ ಸಂತಾನದಲ್ಲಿ ಕಣ್ಣು ಉಬ್ಬಿದ್ದು, ಬೆನ್ನು ಬಾಗಿದ್ದು, ತಲೆ ಗಂಟಾದದ್ದು ಎಲ್ಲವನ್ನೂ ಹೆಕ್ಕಿ ಹೆಕ್ಕಿ ಬೆಳೆಸಿದರು. ನಮ್ಮ ರೋಹು, ಕಾಟ್ಲಾಗಳ ದೂರದ ದಾಯಾದಿ ಇದು. ಅವು ಸಾರಿಗೆ ಹೋದವು, ಇದು ಷೋಕೇಸಿಗೆ ಬಂತು.

ಗಂಟಿನ ವಿಷಯದಲ್ಲಿ ನನ್ನ ಭಾವಮೈದ ನನಗಿಂತ ಒಂದು ಕೈ ಮೇಲು. ಬೆಂಗಳೂರಿನ ಅವನ ಫ್ಲ್ಯಾಟಿನಲ್ಲಿ, ಈಶಾನ್ಯ ಮೂಲೆಯಲ್ಲೇ, ಫ್ಲವರ್‌ಹಾರ್ನ್ ಎಂಬ ಮೀನಿದೆ. ಅದು ಯಾವ ನದಿಯಲ್ಲೂ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಮಲೇಶಿಯಾದವರು ಬೇರೆ ಬೇರೆ ಸಿಕ್ಲಿಡ್ ಮೀನುಗಳನ್ನು ಕೂಡಿಸಿ ಮಾಡಿದ ಬೆರಕೆ. ಹಣೆಯ ಮೇಲೆ ನಿಂಬೆಗಾತ್ರದಿಂದ ಮೂಸಂಬಿ ಗಾತ್ರದವರೆಗೆ ಉಬ್ಬು. ಉಬ್ಬು ದೊಡ್ಡದಾದಷ್ಟೂ ಅದೃಷ್ಟ ದೊಡ್ಡದಂತೆ. ಮೈಮೇಲಿನ ಕಪ್ಪು ಗುರುತುಗಳಲ್ಲಿ ಚೀನೀ ಅಕ್ಷರ ಓದುವವರಿದ್ದಾರೆ. ಅಂಕಿ ಓದಿ ಟಿಕೆಟ್ ಕೊಳ್ಳೋಣವೆಂದರೆ ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿದೆ. ಆದರೂ ಭಾವಮೈದ ದಿನಾ ಆಫೀಸಿಗೆ ಹೊರಡುವ ಮುಂಚೆ ಆ ಹಣೆಗೆ ಎದುರಾಗಿ ಒಂದು ನಿಮಿಷ ನಿಲ್ಲುತ್ತಾನೆ. ಪ್ರಮೋಷನ್ನು ಇನ್ನೂ ಬಂದಿಲ್ಲ, ಉಬ್ಬು ಮಾತ್ರ ವರ್ಷ ವರ್ಷವೂ ಇನ್‌ಕ್ರಿಮೆಂಟ್ ಪಡೆಯುತ್ತಿದೆ.

ಇಂಥ ಗಂಟುಪ್ರೇಮಿಗಳ ಮನೆತನ ಬಾಲದ ಬುಡದ ಮೆಂತ್ಯಕ್ಕೆ ಯಾಕೆ ನಡುಗಬೇಕು ಎನ್ನುತ್ತೀರಾ? ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೆವು.

ಅದು ಹಿಂದಿನ ವರ್ಷದ ಮಾತು. ಚಳಿ ಕಳೆದು ಬಿಸಿಲೇರುವ ಹೊತ್ತು. ಗುಂಡನ ಕಿವಿರಿನ ಮುಚ್ಚಳದ ಮೇಲೆ ಬಿಳಿ ಚುಕ್ಕಿಗಳು ಎದ್ದವು, ಬನ್ಸಿ ರವೆ ಉದುರಿಸಿದ ಹಾಗೆ. ಔಷಧಿ ಅಂಗಡಿಯೊಂದಕ್ಕೆ ಓಡಿದೆ. ಅಲ್ಲಿನವ ನನ್ನ ಮಾತು ಮುಗಿಯುವ ಮೊದಲೇ "ವೈಟ್ ಸ್ಪಾಟ್ ಸಾರ್" ಎಂದು ಒಂದು ನೀಲಿ ಬಾಟಲಿ, ಒಂದು ಹಸಿರು, ಒಂದು ಹಳದಿ ಸಾಲಾಗಿ ಇಟ್ಟ. ಯಾವುದು ಹಾಕಲಿ ಎಂದೆ. "ಮೂರೂ ಹಾಕಿ ಸಾರ್, ಯಾವುದಾದ್ರೂ ಒಂದು ಹಿಡಿಯುತ್ತೆ." ನನಗೆ ಅದು ಸರಿಯೆಂದೇ ತೋರಿತು. ನಮ್ಮ ದೇವರ ಗೂಡೂ ಇದೇ ನೀತಿಯ ಮೇಲೆ ನಡೆಯುತ್ತಿದೆ.

ಸಂಜೆಯೊಳಗೆ ತೊಟ್ಟಿ ಶಾಯಿ ಬುಡ್ಡಿಯಾಯಿತು. ಗಾಜಿನ ಅಂಚಿನ ಸಿಲಿಕಾನ್ ಅಂಟು ನೀಲಿ, ನನ್ನ ಪಂಚೆ ನೀಲಿ, ಬಾತ್‌ರೂಮಿನ ನೆಲ ನೀಲಿ. "ಮೀನಿಗೂ ಕೃಷ್ಣನ ವೇಷ ಹಾಕಿದೀಯೇನೋ?" ಎಂದರು ಅಮ್ಮ. ಮೂರನೆಯ ದಿನ ಗುಂಡ ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡತೊಡಗಿದ. ಫಿಲ್ಟರಿನ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾಗಳ ಒಂದು ಸಂಸಾರವಿರುತ್ತದೆ, ಮೀನು ಬಿಡುವ ಅಮೋನಿಯಾವನ್ನು ತಿಂದು ನೀರನ್ನು ಬದುಕಲು ಯೋಗ್ಯವಾಗಿಡುವುದು ಅವೇ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ನೀಲಿ ಔಷಧಿ ಮೊದಲು ಬಲಿ ತೆಗೆದುಕೊಂಡದ್ದು ಆ ಸಂಸಾರವನ್ನು.

ಕೊನೆಗೆ ಮಂಗಳೂರಿನ ಗೆಳೆಯನಿಗೆ ಫೋಟೋ ಕಳಿಸಿದೆ. ಅಲ್ಲಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. 1969ರಲ್ಲಿ ಶುರುವಾದ ಆ ಕಾಲೇಜೇ ದೇಶದ ಮೊದಲ ಮೀನುಗಾರಿಕೆ ಕಾಲೇಜು ಎಂದು ವರ್ಷಕ್ಕೆ ನಾಲ್ಕು ಸಲ ನನಗೆ ಜ್ಞಾಪಿಸುತ್ತಾನೆ. ಅವನು ಫೋಟೋ ನೋಡಿ ಎರಡು ನಿಮಿಷ ನಕ್ಕ.

"ಮಾರಾಯ, ಚುಕ್ಕಿ ಎಲ್ಲಿ ಉಂಟು ನೋಡು. ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಕಡ್ಡಿಯ ಮೇಲೆ. ಸಾಲಾಗಿ, ಒಂದೇ ಸಮ. ಬಾಲದಲ್ಲಿ ಉಂಟಾ? ಹೊಟ್ಟೆಯಲ್ಲಿ ಉಂಟಾ? ಇಲ್ಲವಲ್ಲ. ಇದು ರೋಗ ಅಲ್ಲ. ನಿನ್ನ ಗುಂಡ ಪ್ರಾಯಕ್ಕೆ ಬಂದಿದ್ದಾನೆ."

ಗೋಲ್ಡ್ ಫಿಶ್ ಗಂಡುಗಳಿಗೆ ಮೊಟ್ಟೆಯ ಕಾಲದಲ್ಲಿ ಹೀಗೆ ಬಿಳಿ ಗುಳ್ಳೆ ಏಳುತ್ತವಂತೆ, ಕಾಲ ಕಳೆದರೆ ತಾವೇ ಮಾಯುತ್ತವಂತೆ. ಪ್ರಾಯದ ಹುಡುಗನ ಮೊಡವೆಗೆ ಮೂರು ಬಾಟಲಿ ವಿಷ ಸುರಿದ ಅಪ್ಪ ಈ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ಆದರೂ ಒಂದು ಲಾಭವಾಯಿತು. ಅಲ್ಲಿಯವರೆಗೆ ಅವನು ಗುಂಡನೋ ಗುಂಡಿಯೋ ಎಂದು ಮನೆಯಲ್ಲಿ ಚರ್ಚೆಯಿತ್ತು, ಅದು ಇತ್ಯರ್ಥವಾಯಿತು. ನೀರನ್ನು ದಿನ ಬಿಟ್ಟು ದಿನ ಮೂರನೆಯ ಒಂದು ಭಾಗದಷ್ಟು ಬದಲಿಸಿ, ನಲ್ಲಿಯ ಕ್ಲೋರಿನ್ ತೆಗೆಯುವ ಹನಿ ಹಾಕಿ, ಹದಿನೈದು ದಿನ ಅವನ ಸೇವೆ ಮಾಡಿದ ಮೇಲೆ ಗುಂಡ ನನ್ನನ್ನು ಕ್ಷಮಿಸಿದ.

ನಿಜವಾದ ವೈಟ್ ಸ್ಪಾಟ್ ಬೇರೆಯೇ. ಅದು ಜೀವಂತ ಪರಜೀವಿ, ಮೈತುಂಬ ಉಪ್ಪಿನ ಹರಳು ಚೆಲ್ಲಿದಂತೆ ಕಾಣುತ್ತದೆ, ಬಾಲ ರೆಕ್ಕೆ ಎನ್ನದೆ ಎಲ್ಲ ಕಡೆ. ಮೀನು ಕಲ್ಲಿಗೆ ಮೈ ಉಜ್ಜತೊಡಗುತ್ತದೆ. ಈ ಹರಳಿನ ಚಾಲಾಕಿತನ ಕೇಳಿ. ಮೀನಿನ ಚರ್ಮದೊಳಗೆ ಕೂತಿರುವಷ್ಟು ದಿನ ಯಾವ ಔಷಧಿಗೂ ಸಿಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಉದುರಿ ತಳ ಸೇರುತ್ತದೆ, ಸುತ್ತ ಗೋಡೆ ಕಟ್ಟಿಕೊಂಡು ಒಳಗೇ ನೂರಾರು ಮರಿಗಳಾಗಿ ಒಡೆಯುತ್ತದೆ, ಆ ಮರಿಗಳು ಹೊಸ ಮೀನು ಹುಡುಕಿಕೊಂಡು ಹೊರಡುತ್ತವೆ. ಔಷಧಿಯ ಕೈಗೆ ಅವು ಸಿಕ್ಕುವುದು ಆ ಹುಡುಕಾಟದ ಹೊತ್ತಿನಲ್ಲಿ ಮಾತ್ರ. ಎರಡು ದಿನ ಹಾಕಿ, ಚುಕ್ಕಿ ಉದುರಿತು, ವಾಸಿಯಾಯಿತು ಎಂದು ಬಾಟಲಿ ಮುಚ್ಚಿಡುವವರ ಮನೆಯಲ್ಲಿ ಮುಂದಿನ ವಾರ ಹತ್ತರಷ್ಟು ಚುಕ್ಕಿ.

ಹಾಗಾಗಿ ಈ ಸಲ ಗಂಟು ಕಂಡಾಗ ಅಂಗಡಿಗೆ ಓಡಲಿಲ್ಲ. ನೇರ ಮಂಗಳೂರಿಗೆ ಫೋನು. ಅವನು ಔಷಧಿಯ ಮಾತೇ ಎತ್ತದೆ ವಕೀಲರ ಹಾಗೆ ಸವಾಲು ಹಾಕತೊಡಗಿದ. ಊಟ ಮಾಡ್ತಾನಾ? ಮೂಲೆ ಹಿಡಿದು ಕೂತಿದ್ದಾನಾ? ವಾಲಿ ಈಜುತ್ತಾನಾ? ಗಂಟಿನ ಮೇಲೆ ಹುರುಪೆ ಉಂಟಾ, ಉದುರಿದೆಯಾ? ಕೆಂಪಾ, ಬಿಳಿಯಾ, ಮೈಬಣ್ಣವಾ? ನಿನ್ನೆ ಇತ್ತಾ? ಯಾವುದಕ್ಕೂ ನನ್ನ ಹತ್ತಿರ ಉತ್ತರವಿಲ್ಲ. ಮೂರು ವರ್ಷದಿಂದ ಮೀನನ್ನು ನೋಡುತ್ತಿದ್ದೇನೆ, ಮೀನನ್ನು ನೋಡಿಯೇ ಇಲ್ಲ.

"ಹದಿನೈದು ದಿನ ಸುಮ್ಮನೆ ನೋಡು. ಮೀನ ಮೇಷ ಎಣಿಸಬಾರದು ಅಂತಾರಲ್ಲ, ಮೀನಿನ ವಿಷಯದಲ್ಲಿ ಎಣಿಸಲೇಬೇಕು. ಫೋಟೋ ತೆಗೆದು ತಾರೀಕು ಹಾಕಿಡು."

ಮಗಳು ಈ ಕೆಲಸ ವಹಿಸಿಕೊಂಡಳು. ಗುಂಡ ಕ್ಯಾಮೆರಾ ಕಂಡರೆ ಆಧಾರ್ ಕಾರ್ಡಿನ ಫೋಟೋದಲ್ಲಿ ನಾನಿರುವಂತೆ ಆಗಿಬಿಡುತ್ತಾನೆ. ಅವಳು ಹಟ ಬಿಡಲಿಲ್ಲ. ಗೆಳೆಯ ಫೋನಿನಲ್ಲಿ ಹೇಳಿದ್ದನ್ನೆಲ್ಲ ಅಡುಗೆಮನೆಯ ಭಾಷೆಗೆ ಇಳಿಸಿ ಫ್ರಿಜ್ಜಿಗೆ ಅಂಟಿಸಿದಳು. ಹತ್ತಿಯಂತೆ ನೂಲು ನೂಲಾಗಿದ್ದರೆ ಗಾಯದ ಮೇಲೆ ಬೆಳೆದ ಬೂಷ್ಟು. ಆದರೆ ಬಾಯಿಯ ಸುತ್ತ ಹತ್ತಿ ಕಂಡರೆ ಬೂಷ್ಟಲ್ಲ, ಬ್ಯಾಕ್ಟೀರಿಯಾ, ಅದಕ್ಕೆ ತಡಮಾಡುವಂತಿಲ್ಲ. ಶಾವಿಗೆಯ ತುಂಡು ಚುಚ್ಚಿ ನೇತಾಡುತ್ತಿದ್ದರೆ ಆಂಕರ್ ವರ್ಮ್. ಹೆಸರಿಗೆ ಹುಳ, ಹುಟ್ಟಿದ್ದು ಸೀಗಡಿಯ ಬಳಗದಲ್ಲಿ, ತಲೆಯನ್ನು ಲಂಗರಿನ ಹಾಗೆ ಮಾಂಸದೊಳಗೆ ಹೂತಿರುತ್ತದೆ. ಕರಗಿದ ಮೇಣದ ಹನಿ ಬಿದ್ದಂತಿದ್ದರೆ ಕಾರ್ಪ್ ಪಾಕ್ಸ್, ಚಳಿಗೆ ಬಂದು ನೀರು ಬೆಚ್ಚಗಾದಂತೆ ಹೋಗುವಂಥದ್ದು.

ಹೂಕೋಸಿನಂತಿದ್ದರೆ ಲಿಂಫೋಸಿಸ್ಟಿಸ್. ಇದು ವೈರಸ್ಸು. ಒಂದೊಂದು ಜೀವಕೋಶ ಬರಿಗಣ್ಣಿಗೆ ಕಾಣುವಷ್ಟು ಊದಿಕೊಳ್ಳುತ್ತದೆ. ಔಷಧಿಯಿಲ್ಲ. ನೀರು ಚೊಕ್ಕಟವಾಗಿದ್ದು ಮೀನಿನ ಮನಸ್ಸಿಗೆ ನೆಮ್ಮದಿಯಿದ್ದರೆ ವಾರಗಳೋ ತಿಂಗಳುಗಳೋ ಕಳೆದು ತಾನೇ ಉದುರುತ್ತದೆ. ಗೋಲ್ಡ್ ಫಿಶ್ ಇರುವ ಕಾರ್ಪ್ ಬಳಗದ ತಂಟೆಗೆ ಇದು ಬರುವುದಿಲ್ಲ, ಏಂಜಲ್, ಗೌರಾಮಿ, ಗಾಜುಮೀನುಗಳ ಮೇಲೆಯೇ ಕಣ್ಣು. ಗಾಜುಮೀನು ಎಂದಾಗ ಒಂದು ಹೊಟ್ಟೆಯುರಿಯ ಸಂಗತಿ ಹೇಳಬೇಕು. ಪಾರಂಬಾಸಿಸ್ ರಂಗಾ ಎಂಬ ಈ ಪುಟ್ಟ ಪಾರದರ್ಶಕ ಮೀನು ಭಾರತದ್ದೇ. ಮೂಳೆಗಳೆಲ್ಲ ಎಣಿಸುವ ಹಾಗೆ ಕಾಣುತ್ತವೆ, ನೋಡಲು ಅದೇ ಸಾಕು. ವ್ಯಾಪಾರದವರಿಗೆ ಸಾಲಲಿಲ್ಲ. ಸೂಜಿಯಲ್ಲಿ ಗುಲಾಬಿ, ಹಸಿರು ಬಣ್ಣ ಚುಚ್ಚಿ "ಡಿಸ್ಕೋ ಫಿಶ್" ಎಂದು ಮಾರಿದರು. ಬಣ್ಣ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಸೂಜಿ ಮಾಡಿದ ಗಾಯವೇ ಈ ವೈರಸ್ಸಿಗೆ ಹೆಬ್ಬಾಗಿಲು. ಅಂಥ ಬಣ್ಣದ ಮೀನು ಅಂಗಡಿಯಲ್ಲಿ ಕಂಡರೆ ಕೊಳ್ಳಬೇಡಿ, ಮಕ್ಕಳು ಅತ್ತರೂ ಕೊಳ್ಳಬೇಡಿ.

ಗುಂಡನ ಗಂಟು ಇವುಗಳಲ್ಲಿ ಯಾವುದರ ಹಾಗೂ ಇರಲಿಲ್ಲ. ಮೈಬಣ್ಣದ್ದೇ, ನುಣುಪು, ಮೇಲೆ ಹುರುಪೆ ಹಾಗೇ ಇದೆ. ಅಷ್ಟರಲ್ಲಿ ಸುದ್ದಿ ಬೀದಿಗೆ ಬಿತ್ತು.

ಪಕ್ಕದ ಮನೆ ರಾಯರು ಕನ್ನಡಕ ಏರಿಸಿಕೊಂಡು ಬಂದರು. ನಮ್ಮ ಬಡಾವಣೆಯಲ್ಲಿ ವೈದ್ಯಕೀಯ ಓದದ ಡಾಕ್ಟರುಗಳ ಪಟ್ಟಿಯಲ್ಲಿ ಮೊದಲ ಹೆಸರು ಅವರದು. ಗಾಜಿಗೆ ಮೂಗು ತಾಗಿಸಿ ನೋಡಿ, ಮೀನಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, "ಸ್ವಾಮಿ, ಬೇಡವಾದ್ದು ಇರಬಹುದು" ಎಂದರು. ಆ ಪದವನ್ನು ಅವರು ಬಾಯಲ್ಲಿ ಆಡುವುದಿಲ್ಲ. ಆಡಿದರೆ ಬರುತ್ತದಂತೆ.

ಗೆಳೆಯನಿಗೆ ಹೇಳಿದರೆ, "ನಿಮ್ಮ ರಾಯರು ಹೇಳಿದ್ದು ಸುಳ್ಳೇನಲ್ಲ, ಮೀನಿಗೂ ಕ್ಯಾನ್ಸರ್ ಬರುತ್ತದೆ" ಎಂದ. ನಮ್ಮ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಕಪ್ಪುಚುಕ್ಕೆಯ ಪ್ಲ್ಯಾಟಿ ಮೀನಿದೆಯಲ್ಲ, ಅದನ್ನೂ ಕತ್ತಿಬಾಲದ ಸ್ವೋರ್ಡ್‌ಟೇಲನ್ನೂ ಕೂಡಿಸಿದರೆ ಕೆಲವು ಮರಿಗಳಲ್ಲಿ ಆ ಚುಕ್ಕೆಯೇ ಮೆಲನೋಮಾ ಆಗಿ ಹಬ್ಬುತ್ತದೆ. 1920ರ ದಶಕದಲ್ಲಿ ಅಮೆರಿಕದ ಮೈರನ್ ಗಾರ್ಡನ್ ಮತ್ತು ಜರ್ಮನಿಯ ಕುರ್ಟ್ ಕೋಸ್ವಿಗ್ ಬೇರೆ ಬೇರೆಯಾಗಿಯೇ ಇದನ್ನು ಕಂಡರು. ಕ್ಯಾನ್ಸರಿಗೂ ವಂಶವಾಹಿಗೂ ನಂಟಿದೆ ಎಂಬುದಕ್ಕೆ ಮೊದಮೊದಲು ಸಾಕ್ಷಿ ನುಡಿದವರಲ್ಲಿ ಈ ಪುಟ್ಟ ಮೀನೂ ಒಂದು. ಗಾರ್ಡನ್ 1939ರಲ್ಲಿ ಕಟ್ಟಿದ ಮೀನಿನ ಸಂಗ್ರಹ ಈಗ ಟೆಕ್ಸಸ್‌ನ ವಿಶ್ವವಿದ್ಯಾಲಯದಲ್ಲಿದೆ. ಹೇಳಿದ್ದೇ ತಪ್ಪಾಯಿತು. ರಾಯರು ಎರಡು ದಿನ ನಮ್ಮ ಮನೆಯ ಮುಂದೆ ಎದೆಯುಬ್ಬಿಸಿ ಓಡಾಡಿದರು.

"ಆಪರೇಷನ್ ಮಾಡಿಸಬಹುದಲ್ವಾ ಅಪ್ಪಾ?" ಎಂದಳು ಮಗಳು. ಮಾಡಿದ್ದಾರೆ. 2014ರಲ್ಲಿ ಮೆಲ್ಬೋರ್ನ್‌ನ ಲಾರ್ಟ್ ಸ್ಮಿತ್ ಪ್ರಾಣಿ ಆಸ್ಪತ್ರೆಯಲ್ಲಿ ಜಾರ್ಜ್ ಎಂಬ ಹತ್ತು ವರ್ಷದ ಗೋಲ್ಡ್ ಫಿಶ್‌ಗೆ ತಲೆಯ ಮೇಲೆ ದೊಡ್ಡ ಗಡ್ಡೆಯಾಗಿ, ತಿನ್ನಲೂ ಈಜಲೂ ಆಗದೆ ಹೋಯಿತು. ಟ್ರಿಸ್ಟನ್ ರಿಚ್ ಎಂಬ ಪಶುವೈದ್ಯರು ಮೂರು ಬಕೆಟ್ ಇಟ್ಟುಕೊಂಡರು. ಒಂದರಲ್ಲಿ ಮೈಮರೆಸುವಷ್ಟು ಅರಿವಳಿಕೆ, ಇನ್ನೊಂದರಲ್ಲಿ ಮಂಪರು ಕಾಯುವಷ್ಟು, ಮೂರನೆಯದರಲ್ಲಿ ಎಚ್ಚರವಾಗಲು ಒಳ್ಳೆಯ ನೀರು. ಬಾಯಿಗೆ ನಳಿಗೆಯಿಟ್ಟು ಕಿವಿರಿಗೆ ನೀರು ಹರಿಸುತ್ತಾ ಮುಕ್ಕಾಲು ಗಂಟೆ ಕೊಯ್ದು ಹೊಲಿದರು. ಖರ್ಚು ಸುಮಾರು 200 ಆಸ್ಟ್ರೇಲಿಯನ್ ಡಾಲರು. ಜಾರ್ಜ್ ಬದುಕಿ ಮನೆಯ ಕೊಳಕ್ಕೆ ಮರಳಿದ. ರೂಪಾಯಿಗೆ ಪರಿವರ್ತಿಸಿ ಹೇಳಿದಾಗ ನನ್ನಾಕೆ, "ನಿಮ್ಮ ಬೆನ್ನಿನ ಕೊಬ್ಬಿನ ಗಂಟು ಹತ್ತು ವರ್ಷದಿಂದ ಹಾಗೇ ಇದೆ, ಅದನ್ನು ಮೊದಲು ತೋರಿಸಿ" ಎಂದಳು.

ಅರಿವಳಿಕೆಗೆ ಲವಂಗದ ಎಣ್ಣೆಯನ್ನೂ ಬಳಸುತ್ತಾರೆ. ಹಲ್ಲುನೋವಿಗೆ ಹಚ್ಚುವುದೇ ಅದು. ಇದನ್ನು ಕೇಳಿದ ಕೂಡಲೇ ಭಾವಮೈದ ಬೆಂಗಳೂರಿನಿಂದ ಬ್ಲೇಡು ಹಿಡಿದು ಹೊರಡಲು ತಯಾರಾದ. ಗೆಳೆಯ ಗದರಿದ. ಹನಿ ಹೆಚ್ಚಾದರೆ ಮೀನು ಮತ್ತೆ ಏಳುವುದಿಲ್ಲ. ಮನೆಯಲ್ಲಿ ಕೊಯ್ಯುವ ಶೌರ್ಯ ಬೇಡವೇ ಬೇಡ. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದ. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಬಾರದು. ಮೀನಿಗೆ ಕ್ಷಯದಂಥ ಕಾಯಿಲೆ ತರುವ ಒಂದು ಬ್ಯಾಕ್ಟೀರಿಯಾ ನಮ್ಮ ಬೆರಳಿಗೂ ಹತ್ತಿ ಗಂಟಾಗಿ ಕೂರುತ್ತದೆ, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ. ಅಂದಿನಿಂದ ನಮ್ಮನೆಯಲ್ಲಿ ಪಾತ್ರೆ ತೊಳೆಯಲು ಕೈಗವಸಿಲ್ಲದಿದ್ದರೂ ಗುಂಡನ ಸೇವೆಗೆ ಇದೆ.

ಇಷ್ಟೆಲ್ಲ ಗದ್ದಲದ ನಡುವೆ ಅಮ್ಮ ಒಂದು ಬೊಗಸೆ ಕಲ್ಲುಪ್ಪು, ಒಂದು ಅಚ್ಚು ಬೆಲ್ಲ ಹಿಡಿದು ಬಂದರು. "ನರಹುಲಿ ಎದ್ದರೆ ಕಲ್ಯಾಣಿಗೆ ಉಪ್ಪು ಬೆಲ್ಲ ಹಾಕಿ ಹರಕೆ ಹೊತ್ತುಕೊಳ್ತಿದ್ವಿ ಕಣೋ. ಅದು ಕರಗಿದ ಹಾಗೆ ಇದೂ ಕರಗುತ್ತೆ. ನಿನ್ನ ಗುಂಡ ಕಲ್ಯಾಣಿಯೊಳಗೇ ಕೂತಿದಾನೆ, ಇಲ್ಲೇ ಹಾಕಿಬಿಡ್ತೀನಿ." ನಾನು ಹಾರಿ ಕೈ ಹಿಡಿದೆ. ಗೆಳೆಯನನ್ನು ಕೇಳಿದರೆ ಅವನು ಅಮ್ಮನ ಕಡೆ ಅರ್ಧ ತೀರ್ಪು ಕೊಟ್ಟುಬಿಟ್ಟ. ಉಪ್ಪು ಸರಿ, ಲೀಟರಿಗೆ ಒಂದರಿಂದ ಮೂರು ಗ್ರಾಂ. ನಮ್ಮ ಎರಡಡಿ ತೊಟ್ಟಿಗೆ ಒಂದು ಹಿಡಿ ಸಾಕು. ಗಂಟು ಅದರಿಂದ ಕರಗುವುದಿಲ್ಲ, ಆದರೆ ಬೂಷ್ಟು ಹತ್ತಿರ ಬರುವುದಿಲ್ಲ, ಗೋಲ್ಡ್ ಫಿಶ್‌ಗೆ ಹಿತ. ಗಿಡಗಳಿರುವ ತೊಟ್ಟಿಗೆ ಮಾತ್ರ ಬೇಡ. ಬೆಲ್ಲ ಹಾಕಿದರೆ ಬ್ಯಾಕ್ಟೀರಿಯಾ ಉಕ್ಕಿ ನೀರಿನ ಆಮ್ಲಜನಕವೇ ಖಾಲಿಯಾದೀತು. ಬೆಲ್ಲವನ್ನು ಅಮ್ಮ ಆ ಸಂಜೆ ಪಾಯಸಕ್ಕೆ ಹಾಕಿದರು.

ಉಪ್ಪಿನ ಮಾತು ಬಂದಾಗ ಗೆಳೆಯ ಹೇಳಿದ ಕಥೆ ನನಗೆ ಬಹಳ ಹಿಡಿಸಿತು. 1910ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾದ ಟ್ರೌಟ್ ಮೀನಿನ ಸಾಕಣೆಯಲ್ಲಿ ಮೀನುಗಳ ಗಂಟಲಲ್ಲಿ ಗಂಟು ಎದ್ದವು. ಕ್ಯಾನ್ಸರ್ ಎಂದೇ ಎಲ್ಲರೂ ತಿಳಿದಿದ್ದರು. ಡೇವಿಡ್ ಮರೀನ್ ಎಂಬ ವೈದ್ಯರು, ಹೆಸರಿನಲ್ಲೇ ಸಮುದ್ರವಿದ್ದವರು, ಇದು ಬರೀ ಗಳಗಂಡ ಎಂದರು. ನೀರಿಗೆ ಅಯೋಡಿನ್ ಸೇರಿಸಿದರೆ ಗಂಟು ಇಳಿಯಿತು. 1917ರಲ್ಲಿ ಅದೇ ಮರೀನ್ ಓಹಾಯೋದ ಆಕ್ರನ್ ಊರಿನ ಶಾಲಾ ಹುಡುಗಿಯರಿಗೆ ಅಯೋಡಿನ್ ಕೊಟ್ಟು ನೋಡಿದರು. 1924ರಲ್ಲಿ ಮಿಷಿಗನ್‌ನ ಅಂಗಡಿಗಳಿಗೆ ಅಯೋಡಿನ್ ಉಪ್ಪು ಬಂತು. ನಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಹಿಂದೆ ಒಂದು ಮೀನಿನ ಗಂಟಲಿದೆ. ಅಮ್ಮನಿಗೆ ಇದನ್ನು ಹೇಳಿದೆ. "ನಾನು ಅದನ್ನೇ ಅಲ್ವೇನೋ ಹೇಳಿದ್ದು?" ಎಂದರು.

ಈಗ ಎಂಟು ತಿಂಗಳಾಗಿದೆ. ಮಗಳ ಬಳಿ ತಾರೀಕು ಹಾಕಿದ ಮೂವತ್ತು ಫೋಟೋಗಳಿವೆ, ಅಳತೆಯೆಲ್ಲ ಕಾಳಿನಲ್ಲೇ. ಮೆಂತ್ಯವಿದ್ದದ್ದು ಹೆಸರುಕಾಳಾಯಿತು, ಹೆಸರುಕಾಳು ಕಡಲೆಯಾಯಿತು, ಕಡಲೆಗೆ ಬಂದು ನಿಂತಿದೆ. ಗೆಳೆಯನ ಅಂದಾಜಿನಲ್ಲಿ ಅದು ನಾರಿನ ಗಡ್ಡೆ, ಗೋಲ್ಡ್ ಫಿಶ್‌ಗಳಲ್ಲಿ ಸಾಮಾನ್ಯ. ಖಾತ್ರಿ ಬೇಕಾದರೆ ಚೂರು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಡಬೇಕು. ಉಣ್ಣುವ, ಈಜುವ, ಫಿಲ್ಟರಿನ ನೀರಿಗೆ ಎದುರಾಗಿ ನಿಂತು ಬಾಲ ಬಡಿಯುವ ಮೀನನ್ನು ಯಾಕೆ ಕತ್ತರಿಸಬೇಕು? ಊಟ ಬಿಟ್ಟು ಮಗ್ಗುಲು ಹಾಕಿದ ದಿನ ಪಶುವೈದ್ಯರ ಬಳಿ ಒಯ್ಯುವುದೆಂದು ತೀರ್ಮಾನವಾಗಿದೆ. ನನ್ನ ಬೆನ್ನಿನ ಗಂಟಿಗೂ ಅದೇ ತೀರ್ಮಾನ ಅನ್ವಯಿಸುತ್ತದೆ ಎಂದು ನಾನು ವಾದಿಸುತ್ತಿದ್ದೇನೆ, ಮನೆಯಲ್ಲಿ ಒಪ್ಪಿಗೆ ಸಿಕ್ಕಿಲ್ಲ.

ನೀಲಿ ಬಾಟಲಿ ಮುಕ್ಕಾಲು ಭಾಗ ಹಾಗೇ ಉಳಿದಿದೆ. ನಿಮ್ಮನೆ ಮೀನಿಗೆ ಏನಾದರೂ ಎದ್ದರೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಆದರೆ ಬರುವಾಗ ಹದಿನೈದು ದಿನದ ಫೋಟೋ ತನ್ನಿ. ಇಲ್ಲದಿದ್ದರೆ ಅಮ್ಮ ಉಪ್ಪು ಕೊಟ್ಟು ಕಳಿಸುತ್ತಾರೆ.